ಏಳನೇ ನಂಬರಿನ ಅಂಗಿ

ಸ್ಕೋರು ಎಷ್ಟಂತ ನನ್ನ ಕೇಳಬ್ಯಾಡ್ರಿ.
ಮೂರು-ಎರಡು ಅಂತಾನ ನಮ್ಮಣ್ಣ ಸಿದರಾಯ,
ಎರಡು-ಒಂದು ಅಂತೀನಿ ನಾ,
ಈ ಜಗಳಕ್ಕ ನಲವತ್ತೇಳು ವರ್ಷ.
ಇಬ್ಬರೂ ಅದ ಗ್ವಾಡಿ ಮ್ಯಾಲ ಕುಂತಿದ್ವಿ,
ಬೆಳಗಾವಿ ಕ್ಯಾಂಪಿನ ಮೈದಾನ, ಮೂಡಲ ಗ್ವಾಡಿ.
ಒಡದ ಗಾಜು ಚುಚ್ಚಿದ್ದು ನನಗ,
ಹುಣಸಿ ನೆರಳು ಸಿಕ್ಕಿದ್ದು ಅವಗ.

ನಮ್ಮಪ್ಪ ಮಾಚಪ್ಪ ಟೀಮಿನ ಅಂಗಿ ಒಗೀತಿದ್ದ.
ಹನ್ನೊಂದು ಹಳದಿ ಅಂಗಿ.
ಮಂದಿ ಆಟಗಾರರನ್ನ ಮಾರಿ ನೋಡಿ ಗುರ್ತು ಹಿಡೀತಿದ್ರು,
ನಾ ಬೆನ್ನು ನೋಡಿ.
ಮೂರನೇ ನಂಬರಿಗೆ ಬೀಡಿ ವಾಸನಿ, ಕೋಚಿಗೆ ಗೊತ್ತಿಲ್ಲ.
ಒಂಬತ್ತು, ದಸ್ತಗೀರ: ಚಡ್ಡಿ ಕಿಸೇದಾಗ ಯಾವಾಗಲೂ ಒಂದು ಲವಂಗ.
ಗೋಲ್‌ಕೀಪರ ಬಾಳು ಚೌಗುಲೆ ಒಗ್ಯಾಕ ಕೊಡೂದ ಇಲ್ಲ,
ಗೆದ್ದ ಬೆವರು ತೊಳದ್ರ ಹೋಗತೈತಂತ!
ಏಳು, ಇನಾಸ:
ಬಲಗಡೆ ಬಗಲಾಗ ಹರಕು,
ಸೋಮವಾರ ನಮ್ಮವ್ವ ಹೊಲಿಯೂದು,
ರವಿವಾರ ಅಂವ ಮತ್ತ ಹರಕೊಳ್ಳೂದು.

ಫೈನಲ್ಲಿಗೆ ಎದುರು ಹುಬ್ಬಳ್ಳಿ ರೈಲ್ವೆ.
ಅವರ ಕಾಲಚೀಲ ಸೈತ ಒಂದ ಬಣ್ಣ.
ಆಗಿನ್ನೂ ಬುಲ್ಲಿಯಿಂದ ಆಟ ಸುರುವಾಗತಿತ್ತು:
ನೆಲ, ಕೋಲು, ನೆಲ, ಕೋಲು, ನೆಲ, ಕೋಲು,
ಇಬ್ಬರು ಮುದುಕರು ಮಾತಿಗೆ ಮೊದಲ ಕೆಮ್ಮಿದಂಗ.
ಆಮ್ಯಾಲ ಧೂಳು.
ಮೊದಲರ್ಧದಾಗ ನನಗ ನೆನಪಿರೂದು ಬರೇ ಧೂಳು,
ಮತ್ತ ಸಿದರಾಯ ನನ್ನ ಪಾಲಿನ ಶೇಂಗಾನೂ ತಿಂದದ್ದು.

ಕಡೀ ಹೊತ್ತು. ಪಡವಲ ಬಿಸಿಲು ನೆಟ್ಟಗ ಕಣ್ಣಿಗೆ.
ದಸ್ತಗೀರ ಎಡಕ್ಕ ತಳ್ಳಿದ,
ಚೆಂಡು ಬಿಳೇ ಇಲಿ ಓಡಿದಂಗ ಓಡಿತು,
ಇನಾಸ ಅದರ ಹಿಂದ, ರೈಲ್ವೆದ ಎರಡಾಳು ಇನಾಸನ ಹಿಂದ.
ಅಂವ ಬಿದ್ದ.
ಬೀಳಕೋತನ ಕೋಲು ಚಾಚಿದ ಅಂತಾರ,
ಕೀಪರನ ಪ್ಯಾಡಿನ ಸಂದಿಗೆ ಹೋತು ಅಂತಾರ,
ಊರೆಲ್ಲ ನೋಡೇತಿ.
ನಾ ನೋಡಲಿಲ್ಲ.
ನನ್ನ ಕಣ್ಣು ಅಂಗಿ ಮ್ಯಾಲಿತ್ತು.
ಹಳದಿ ಭುಜ ಕೆಂಪು ಮಣ್ಣಾಗ ಜಾರಿ
ಒಂದು ಮಾರು ಉದ್ದ ನೆಲ ಉತ್ತಿತ್ತು.
"ಅಯ್ಯ ನನ ಶಿವನ, ಈ ಕಲೆ ಹೋಗಂಗಿಲ್ಲ" ಅಂದೆ.
ಅಷ್ಟರಾಗ ಗೋಲಿನ ಹಲಗಿ ಢಬ್ ಅಂತು.

ಮಂದಿ ಗ್ವಾಡಿ ಹಾರಿದ್ರು.
ಸಿದರಾಯ ಹಾರಲಿಲ್ಲ, ಬಿದ್ದ.
ಫಾದರ್ ಒಬ್ಬರು ನಿಲುವಂಗಿ ಎತ್ತಿ ಹಿಡಕೊಂಡು ಓಡಿದ್ರು,
ಬೇಕರಿಯಾಂವ ತೂಕ ಮಾಡದ ಬಿಸ್ಕೀಟು ಹಂಚಿದ.
ರೈಲ್ವೆ ಕೀಪರ ಒಬ್ಬನ ಕುಂತು ಪ್ಯಾಡಿನ ಬಕಲು ಬಿಚ್ಚತಿದ್ದ,
ಒಂದು, ಮತ್ತೊಂದು, ಭಾಳ ಸಾವಕಾಶ.
ಅವನ ಅಂಗಿ ಅಗದೀ ಸ್ವಚ್ಛ ಇತ್ತು.

ಸೋಡಾ ಖಾರ, ಸವಳು ಮಣ್ಣು, ನಿಂಬಿ, ಮೂರು ದಿನದ ಬಿಸಿಲು.
ಅಪ್ಪ ಕಲ್ಲಿಗೆ ಬಡದ, ಬಯ್ಯಲಿಲ್ಲ.
ಬಡದಷ್ಟೂ ಹಳದಿ ಹೋತು, ಕೆಂಪು ಉಳೀತು.
ಇನಾಸ ಬಂದು ಹಗ್ಗದ ಮ್ಯಾಲಿನ ಅಂಗಿ ನೋಡಿ ನಕ್ಕ:
"ಇರ್ಲಿ ಬಿಡು ಮಾಚಪ್ಪ ಮಾಮಾ,
ಗೋಲು ಹಾಕಿದ್ದು ಅದ."

ಲಗ್ನಾಗಿ ನಿಪ್ಪಾಣಿಗೆ ಹ್ವಾದ ಮ್ಯಾಲ
ಆ ಗೋಲು ಎಷ್ಟು ಮಂದಿಗೆ ಹೇಳೇನಿ!
ಪ್ಯಾಡಿನ ಸಂದಿ, ಚಾಚಿದ ಕೋಲು, ಎಲ್ಲಾ
ಸಿದರಾಯನ ಬಾಯಿಂದ ಕಡಾ ತಂದದ್ದು.
ನನ್ನ ಸ್ವಂತದ್ದಂದ್ರ ಆ ಢಬ್ ಒಂದ.
ಈಗೂ ಗಾಳಿಗೆ ಕದ ಬಡದ್ರ
ಯಾರೋ ಗೆದ್ರು ಅನಸತೈತಿ.

ತಿರುಗಿ ಬಂದು ಕ್ಯಾಂಪಿನಾಗ ಇಸ್ತ್ರಿ ಅಂಗಡಿ ಹಾಕೀನಿ.
ಮೊನ್ನೆ ಪಡದೆ ಕೊಡಾಕ ಕ್ಲಬ್ಬಿಗೆ ಹೋದಾಗ
ಗ್ವಾಡಿಗೆ ಆ ಸಂಜಿ ತಗದ ಫೋಟೋ.
ಹನ್ನೊಂದು ಮಂದಿ, ನಡುವ ಕಪ್.
ಗಾಜಿನೊಳಗ ಗೆದ್ದಲ ಹೊಕ್ಕು
ದಸ್ತಗೀರನ ಮೊಣಕಾಲ ತನಕ ಬಂದೈತಿ.
ಕೆಳಗ ಸ್ಕೋರು ಬರದಿದ್ರು. ಓದಬಹುದಿತ್ತು.
ಓದಲಿಲ್ಲ.
ಸಿದರಾಯನ ಜೋಡಿ ಜಗಳಾಡಾಕ ಮತ್ತೇನ ಉಳದೈತಿ?

ಕಪ್ಪು-ಬಿಳುಪು ಫೋಟೋ.
ಇನಾಸನ ಭುಜದ ಮ್ಯಾಲ ಬೂದಿ ಬಣ್ಣದ್ದು ಏನೋ.
ಬೆರಳು ಮಾಡಿ ತೋರಿಸಿದೆ.
"ನೆರಳು ಅಜ್ಜಿ, ಗಿಡದ್ದು" ಅಂದ ಕ್ಲಬ್ಬಿನ ಹುಡುಗ.
ಹೌದಪಾ ಅಂದೆ.
ಪಡದೆ ಎಣಿಸಿ ಕೊಟ್ಟೆ, ಎಂಟು.